ಎಣ್ಣೆ ಹಚ್ಚದೆ ಬನ್ನಿ: ಮಗನ ಜೊತೆ ಮುಖದ ಲ್ಯಾಬಿಗೆ ಹೋಗಿ ಬಂದದ್ದು

ಲ್ಯಾಬಿನವರು ಕಳಿಸಿದ ಈಮೇಲ್ ಉದ್ದವಾಗಿತ್ತು. ಗಾಡಿ ಎಲ್ಲಿ ನಿಲ್ಲಿಸಬೇಕು, ಎಷ್ಟು ಹೊತ್ತು ಹಿಡಿಯುತ್ತದೆ, ಮಗು ಏನಾದರೂ ತಿಂದುಕೊಂಡು ಬರಲಿ, ಹೀಗೆ. ಅದರಲ್ಲಿ ನಮ್ಮಮ್ಮನಿಗೆ ಕಿರಿಕಿರಿಯಾದದ್ದು ಒಂದೇ ಸಾಲು: ಹಿಂದಿನ ರಾತ್ರಿ ತಲೆ ತೊಳೆಯಿರಿ, ಎಣ್ಣೆ ಹಚ್ಚಬೇಡಿ, ಕಂಡಿಷನರ್ ಕೂಡ ಬೇಡ. "ತಲೆಗೆ ಎಣ್ಣೆ ಹಾಕಬಾರದು ಅನ್ನೋದು ಅದೆಂಥ ಪರೀಕ್ಷೆ ಮಾರಾಯ್ತಿ?" ಅಂದಳು. ಮೊಮ್ಮಗನಿಗೆ ಅಂತಲೇ ಊರಿಂದ ಗಾಣದ ಕೊಬ್ಬರಿ ಎಣ್ಣೆ ತಂದಿದ್ದಳು, ಪಾಪ. ಎಣ್ಣೆ ಇದ್ದರೆ, ಮಿದುಳಿನ ಅಲೆ ಅಳೆಯಲು ತಲೆಗೆ ತಾಗಿಸುವ ಎಲೆಕ್ಟ್ರೋಡಿಗೂ ಚರ್ಮಕ್ಕೂ ಸಂಪರ್ಕ ಸರಿಯಾಗಿ ಸಿಗುವುದಿಲ್ಲ, ಅಷ್ಟೇ ವಿಷಯ.

ನಾವಿರುವುದು ಅಮೆರಿಕದ ಮಿನ್ನೆಸೋಟದಲ್ಲಿ. ಮಗನಿಗೆ ಆಗ ಒಂಬತ್ತು ವರ್ಷ. ಲೈಬ್ರರಿಯ ನೋಟಿಸ್ ಬೋರ್ಡಿನಲ್ಲಿ ಒಂದು ಚೀಟಿ ಅಂಟಿಸಿದ್ದರು. ಮಕ್ಕಳು ಮುಖಗಳನ್ನು ಹೇಗೆ ಗುರುತಿಸುತ್ತಾರೆ, ವಸ್ತುಗಳನ್ನು ಹೇಗೆ ಗುರುತಿಸುತ್ತಾರೆ ಅಂತ ಅಧ್ಯಯನ. ಮಕ್ಕಳು ಬೇಕು, ಹೋಲಿಸಿ ನೋಡಲು ದೊಡ್ಡವರೂ ಬೇಕು. ಮಗನ ಕಣ್ಣಿಗೆ ಬಿದ್ದದ್ದು ಕೆಳಗಿದ್ದ 'ಗಿಫ್ಟ್ ಕಾರ್ಡ್' ಅನ್ನುವುದು ಮಾತ್ರ. ನನಗೆ ಬೇರೆ ಕಾರಣ ಇತ್ತು.

ಹಿಂದಿನ ವರ್ಷ ಶಿವಮೊಗ್ಗದಲ್ಲಿ ತಮ್ಮನ ಮದುವೆ ಆಯಿತು. ಮದುವೆ ಮುಗಿಯುವವರೆಗೂ ನನ್ನ ಸೋದರಮಾವಂದಿರಲ್ಲಿ ಯಾರು ಯಾರು ಅಂತ ತಿಳಿಯದೆ ಮಗ ಒದ್ದಾಡಿದ. ಮೀಸೆ, ಕನ್ನಡಕ, ಬಿಳಿ ಪಂಚೆ. ಅವನ ಪಾಲಿಗೆ ಎಲ್ಲರೂ ಒಂದೇ. ಬೆಳಿಗ್ಗೆ ಮಾತಾಡಿಸಿದ ಮಾವ ಸಂಜೆ ಪ್ಯಾಂಟು ಹಾಕಿಕೊಂಡು ಬಂದರೆ, ಇವರು ಯಾರೋ ಹೊಸಬರು ಅಂತ ಮತ್ತೆ ಕಾಲಿಗೆ ಬಿದ್ದ. ಅಮ್ಮನ ಕಥೆ ಇದರ ಉಲ್ಟಾ. ಊರಿನ ಬಸ್ಸಿನಲ್ಲಿ ಗುರುತಿಲ್ಲದ ಹುಡುಗನ ಮುಖ ನೋಡಿ "ನೀನು ಇಂಥವರ ಮನೆ ಕಡೆಯವನಲ್ವಾ?" ಅಂತ ಕೇಳಿ ಸರಿಯಾದ ಉತ್ತರ ಪಡೆಯುವವಳು ಅವಳು. ಇಲ್ಲಿ ಪಕ್ಕದ ಮನೆಯವಳು ಯಾರು, ಎದುರು ಮನೆಯವಳು ಯಾರು ಅಂತ ಗೊತ್ತಾಗದೆ ಇಬ್ಬರಿಗೂ ಸುಮ್ನೆ ಕೈ ಬೀಸುತ್ತಾಳೆ. ಮಗನನ್ನು ಕೇಳಿದರೆ, ಅವರಿಬ್ಬರಿಗೂ ಒಂದು ಚೂರೂ ಹೋಲಿಕೆ ಇಲ್ಲ ಅನ್ನುತ್ತಾನೆ. ಹಾಗಾಗಿ ಆ ಚೀಟಿ ನೋಡಿದ ತಕ್ಷಣ ನಂಬರ್ ಬರೆದುಕೊಂಡೆ.

ಹೋದ ಮೇಲೆ ಮೊದಲು ಕಾಗದಪತ್ರ. ನನಗೊಂದು ಒಪ್ಪಿಗೆ ಪತ್ರ, ಮಗನಿಗೇ ಬೇರೆ ಇನ್ನೊಂದು. ಅವನದ್ದರಲ್ಲಿ ದೊಡ್ಡ ಅಕ್ಷರ, ಚಿತ್ರ. ಬೇಡ ಅನಿಸಿದರೆ ಯಾವಾಗ ಬೇಕಾದರೂ ನಿಲ್ಲಿಸಬಹುದು, ಕಾರಣ ಹೇಳಬೇಕಾಗಿಲ್ಲ, ಗಿಫ್ಟ್ ಕಾರ್ಡ್ ಆಗಲೂ ಸಿಗುತ್ತದೆ. ಅವನು ಎರಡು ಸಲ ಓದಿ, ಗಂಭೀರವಾಗಿ ಸಹಿ ಹಾಕಿದ. ನನಗೆ ಹೇಳಿದ ಇನ್ನೊಂದು ಮಾತು: ಇದು ಸಂಶೋಧನೆ, ತಪಾಸಣೆ ಅಲ್ಲ. ನಿಮ್ಮ ಮಗ ಹೇಗೆ ಮಾಡಿದ ಅಂತ ರಿಪೋರ್ಟ್ ಕೊಡುವುದಿಲ್ಲ. ಅಂಕಪಟ್ಟಿಗೆ ಒಗ್ಗಿದ ನಮ್ಮಂಥ ತಂದೆತಾಯಿಗೆ ಇದನ್ನು ನುಂಗುವುದು ಸ್ವಲ್ಪ ಕಷ್ಟ.

ಆಮೇಲೆ ಇಇಜಿ, ಅಂದರೆ ಮಿದುಳಿನ ವಿದ್ಯುತ್ ಅಲೆಗಳನ್ನು ತಲೆಯ ಹೊರಗಿನಿಂದಲೇ ಅಳೆಯುವುದು. ನಡೆಸಿಕೊಟ್ಟದ್ದು ಒಬ್ಬಳು ಪಿಎಚ್‌ಡಿ ವಿದ್ಯಾರ್ಥಿನಿ, ಮಕ್ಕಳ ಜೊತೆ ಒಳ್ಳೆಯ ತಾಳ್ಮೆ. ಮೊದಲು ಟೇಪು ಹಿಡಿದು ತಲೆಯ ಸುತ್ತಳತೆ ತೆಗೆದಳು. ನಂತರ ಮೂಗಿನ ಬುಡದಿಂದ ತಲೆ ಹಿಂದಿನ ಉಬ್ಬಿನವರೆಗೆ ಒಂದು ಅಳತೆ, ಕಿವಿಯಿಂದ ಕಿವಿಗೆ ಇನ್ನೊಂದು. ಎರಡೂ ಗೆರೆ ಸೇರುವ ನೆತ್ತಿಯ ಮೇಲೆ ಪೆನ್ಸಿಲಿನಲ್ಲಿ ಗುರುತು. ಆಮೇಲೆ ಒಂದು ಬಕೆಟ್ಟಿನಿಂದ ಬಲೆ ಎತ್ತಿದಳು. ತೆಳು ದಾರಗಳ ಬಲೆ, ಗಂಟು ಗಂಟಿಗೂ ಸಣ್ಣ ಸ್ಪಂಜು, ಪ್ರತಿ ಸ್ಪಂಜಿನೊಳಗೆ ಒಂದು ಎಲೆಕ್ಟ್ರೋಡ್. ಉಗುರುಬೆಚ್ಚಗಿನ ನೀರಿಗೆ ಪೊಟ್ಯಾಸಿಯಂ ಕ್ಲೋರೈಡ್ ಉಪ್ಪು, ಒಂದಿಷ್ಟು ಬೇಬಿ ಶಾಂಪೂ ಹಾಕಿ ಅದರಲ್ಲಿ ನೆನೆಸಿಟ್ಟಿದ್ದರು. ಎರಡೂ ಕೈಯಲ್ಲಿ ಅಗಲಿಸಿ ಒಂದೇ ಸಲಕ್ಕೆ ತಲೆಗೆ ತೊಡಿಸಿದಳು. ನೀರು ಕತ್ತಿಗೆ, ಕಿವಿಗೆ ಇಳಿಯಿತು. ಕತ್ತಿಗೆ ಸುತ್ತಿದ್ದ ಟವೆಲ್ ಅರ್ಧ ಒದ್ದೆ. "ಕಚಗುಳಿ ಆಗ್ತಿದೆ ಅಮ್ಮಾ" ಅಂತ ಮಗ ನುಲಿದ. ಅವಳು ಪ್ರತಿ ಸ್ಪಂಜನ್ನೂ ಬೆರಳಿನಿಂದ ಒತ್ತಿ, ಕೂದಲು ಅತ್ತಿತ್ತ ಸರಿಸಿ ಚರ್ಮಕ್ಕೆ ತಾಗುವಂತೆ ಮಾಡುತ್ತಿದ್ದಳು. ಒಣಗಿದ ಕಡೆ ಪಿಪೆಟ್ಟಿನಿಂದ ಒಂದೊಂದು ಹನಿ. ಮೂಲೆಯ ಕುರ್ಚಿಯಲ್ಲಿ ಕೂತ ಅಮ್ಮ, "ಇದರ ಬದಲು ಎಣ್ಣೆಯೇ ವಾಸಿ ಇತ್ತು" ಅಂತ ನನಗೆ ಮಾತ್ರ ಕೇಳುವಂತೆ ಅಂದಳು.

ಶುರು ಮಾಡುವ ಮುಂಚೆ ಮಗನಿಗೆ ಅವನದೇ ಅಲೆಗಳನ್ನು ಸ್ಕ್ರೀನಿನಲ್ಲಿ ತೋರಿಸಿದಳು. ಸಾಲು ಸಾಲು ಗೆರೆ ನಡುಗುತ್ತಿದ್ದವು. ಕಣ್ಣು ಮಿಟುಕಿಸು ಅಂದಳು. ಮೇಲಿನ ಗೆರೆಗಳು ಎದ್ದು ಬಿದ್ದವು. ಹಲ್ಲು ಕಚ್ಚು ಅಂದಳು, ಎಲ್ಲ ಕಪ್ಪಗಾಯಿತು. ಮಿದುಳಿನಿಂದ ಬರುವುದು ಬಹಳ ಸಣ್ಣ ಅಲೆ, ದವಡೆಯ ಅಲೆಯೇ ದೊಡ್ಡದು, ಅದಕ್ಕೇ ಅಲ್ಲಾಡಬಾರದು ಅಂತ ವಿವರಿಸಿದಳು. ಅಲ್ಲಾಡಬೇಡ ಅಂತ ಬರೀ ಬಾಯಲ್ಲಿ ಹೇಳಿದ್ದರೆ ನಮ್ಮವನು ಕೇಳುತ್ತಿರಲಿಲ್ಲ. ಈ ಉಪಾಯ ಕೆಲಸ ಮಾಡಿತು.

ಕೆಲಸ ಅಂದರೆ ಚಿತ್ರ ನೋಡುವುದು. ಕಪ್ಪು ಬಿಳುಪು ಚಿತ್ರಗಳು ಸ್ಕ್ರೀನಿನ ಮೇಲೆ ಪಟ್ ಅಂತ ಬಂದು ಹೋಗುತ್ತವೆ. ಮುಖ, ಕುರ್ಚಿ, ತಲೆಕೆಳಗಾದ ಮುಖ, ತಲೆಕೆಳಗಾದ ಕುರ್ಚಿ, ಮತ್ತೆ ಮುಖ. ನಡುವೆ ಎಲ್ಲೋ ಒಂದು ಚಿಟ್ಟೆ ಬಂದಾಗ ಬಟನ್ ಒತ್ತಬೇಕು. ಚಿಟ್ಟೆಗೂ ಅಧ್ಯಯನಕ್ಕೂ ಸಂಬಂಧ ಇಲ್ಲ, ಮಗು ಸ್ಕ್ರೀನ್ ನೋಡುತ್ತಲೇ ಇರಲಿ ಅಂತ ಅಷ್ಟೇ. ದೊಡ್ಡವರಿಗೆ ಮುಖ ತೋರಿಸಿದರೆ ಸುಮಾರು 170 ಮಿಲಿಸೆಕೆಂಡಿಗೆ ತಲೆಯ ಹಿಂಬದಿಯಲ್ಲಿ, ಬಲಗಡೆ ಜಾಸ್ತಿ, ಒಂದು ಕೆಳಮುಖದ ಅಲೆ ಬರುತ್ತದೆ. ಕುರ್ಚಿಗೂ ಬರುತ್ತದೆ, ಆದರೆ ಚಿಕ್ಕದು. 1996ರಲ್ಲಿ ಶ್ಲೋಮೋ ಬೆಂಟಿನ್ ಮತ್ತು ಜೊತೆಗಾರರು ಇದನ್ನು ವಿವರಿಸಿದ ಮೇಲೆ ಇದಕ್ಕೆ ಎನ್170 ಅಂತ ಹೆಸರು ನಿಂತಿತು. ಸಣ್ಣ ಮಕ್ಕಳಲ್ಲಿ ಇದೇ ಅಲೆ ತಡವಾಗಿ ಬರುತ್ತದೆ. ವಯಸ್ಸಾಗುತ್ತಾ ಬೇಗ ಬೇಗ ಬರುತ್ತದೆ, ಹದಿಹರೆಯದಲ್ಲೂ ಬದಲಾಗುತ್ತಲೇ ಇರುತ್ತದೆ. ಆದರೆ ಒಂದು ಚಿತ್ರಕ್ಕೆ ಬಂದ ಅಲೆಯಲ್ಲಿ ಏನೂ ಕಾಣಿಸುವುದಿಲ್ಲ. ನೂರಾರು ಚಿತ್ರ ತೋರಿಸಿ ಸರಾಸರಿ ತೆಗೆದಾಗ ಮಾತ್ರ ಅದು ತಲೆ ಎತ್ತುವುದು. ಮಗನಿಗೆ ಬೇಜಾರು ಬರುವಷ್ಟು ಚಿತ್ರ ಯಾಕೆ ಅನ್ನುವುದಕ್ಕೆ ಇದೇ ಉತ್ತರ.

ಬಲೆ ತೆಗೆದು, ತಲೆ ಒರೆಸಿ, ಬಿಸ್ಕತ್ತು ಕೊಟ್ಟು ಇನ್ನೊಂದು ಕೋಣೆಗೆ ಕರೆದುಕೊಂಡು ಹೋದರು. ಅಲ್ಲಿ ಕಂಪ್ಯೂಟರಿನ ಮೇಲೆ ನೆನಪಿನ ಪರೀಕ್ಷೆ. ಕೆಲವು ಮುಖ ತೋರಿಸುತ್ತಾರೆ, ನೆನಪಿಟ್ಟುಕೊಳ್ಳಬೇಕು. ಆಮೇಲೆ ಮೂರು ಮುಖ ಒಟ್ಟಿಗೆ ಬರುತ್ತವೆ, ಮೊದಲು ಕಂಡದ್ದು ಯಾವುದು ಅಂತ ಆರಿಸಬೇಕು. ಬರಬರುತ್ತಾ ಬೆಳಕು ಬೇರೆ, ಕೋನ ಬೇರೆ, ಕೊನೆಗೆ ಮುಖದ ಮೇಲೆ ಮಸುಕು ಬೇರೆ. ಕೂದಲು, ಕಿವಿ ಎಲ್ಲ ಕತ್ತರಿಸಿ ತೆಗೆದಿರುತ್ತಾರೆ. "ಎಲ್ಲರೂ ಬೋಳು ತಲೆ, ಇದು ಮೋಸ" ಅಂತ ಮಗನ ತಕರಾರು. ಅವನು ತಕರಾರು ಮಾಡಿದ ಜಾಗ ಸರಿಯಾಗೇ ಇತ್ತು. 1977ರಲ್ಲಿ ಸೂಸನ್ ಕೇರಿ ಮತ್ತು ರಿಯಾ ಡೈಮಂಡ್ ತೋರಿಸಿದ್ದು ಇದನ್ನೇ: ಚಿಕ್ಕ ಮಕ್ಕಳು ಟೋಪಿ, ಕನ್ನಡಕ, ಬಟ್ಟೆ ನೋಡಿ ಮೋಸ ಹೋಗುತ್ತಾರೆ. ಒಂದೇ ಟೋಪಿ ಹಾಕಿಕೊಂಡ ಇಬ್ಬರನ್ನು ಒಬ್ಬರೇ ಅನ್ನುತ್ತಾರೆ. ನನಗೆ ಪಂಚೆ ಬಿಟ್ಟು ಪ್ಯಾಂಟು ಹಾಕಿದ ಮಾವ ನೆನಪಾದರು.

ಮುಖದ ಪರೀಕ್ಷೆ ಮುಗಿದ ಮೇಲೆ ಅದೇ ಥರ ಸೈಕಲ್ಲುಗಳ ಪರೀಕ್ಷೆ. ಆರು ಸೈಕಲ್ ನೆನಪಿಟ್ಟುಕೋ, ಮೂರರಲ್ಲಿ ಆರಿಸು. ಮುಖದ ಅಧ್ಯಯನಕ್ಕೆ ಸೈಕಲ್ ಯಾಕೆ, ಕುರ್ಚಿ ಯಾಕೆ ಅಂತ ಕೇಳಿದೆ. ಇಡೀ ಭೇಟಿಯಲ್ಲಿ ನನಗೆ ತುಂಬಾ ಇಷ್ಟವಾದದ್ದು ಆ ವಿದ್ಯಾರ್ಥಿನಿ ಕೊಟ್ಟ ಉತ್ತರ. ಒಂಬತ್ತು ವರ್ಷದ ಹುಡುಗನಿಗೆ ಇಪ್ಪತ್ತು ಮುಖ ಸರಿ ಬಂತು, ಇಪ್ಪತ್ತೈದು ವರ್ಷದವಳಿಗೆ ಮೂವತ್ತು ಸರಿ ಬಂತು ಅಂತಿಟ್ಟುಕೊಳ್ಳಿ. ಹಾಗಾದರೆ ಮುಖ ಗುರುತಿಸುವ ಶಕ್ತಿ ಬೆಳೆಯಿತು ಅನ್ನಬಹುದಾ? ಅನ್ನುವಂತಿಲ್ಲ. ಅವಳಿಗೆ ಗಮನ ಜಾಸ್ತಿ, ನೆನಪು ಜಾಸ್ತಿ, ಬೇಜಾರಾದರೂ ಕೂತಿರುವ ಅಭ್ಯಾಸ ಜಾಸ್ತಿ. ಹುಡುಗನ ತಲೆಯಲ್ಲಿ ಆಗಲೇ ಗಿಫ್ಟ್ ಕಾರ್ಡ್ ಓಡುತ್ತಿದೆ. ಸೈಕಲ್ಲಿನಲ್ಲೂ ಅಷ್ಟೇ ವ್ಯತ್ಯಾಸ ಬಂದರೆ, ಬೆಳೆದದ್ದು ಮುಖದ ಶಕ್ತಿ ಅಲ್ಲ, ಪರೀಕ್ಷೆ ಬರೆಯುವ ಶಕ್ತಿ.

ಇದರ ಮೇಲೆ ದೊಡ್ಡ ಜಗಳವೇ ಇದೆಯಂತೆ. ಮನೆಗೆ ಬಂದು ಓದಿ ನೋಡಿದೆ. 1977ರಲ್ಲಿ ಕೇರಿ ಮತ್ತು ಡೈಮಂಡ್ ಹೇಳಿದ್ದು, ಸುಮಾರು ಹತ್ತು ವರ್ಷದವರೆಗೂ ಮಕ್ಕಳು ಮುಖವನ್ನು ಬಿಡಿ ಬಿಡಿಯಾಗಿ ನೋಡುತ್ತಾರೆ, ಕಣ್ಣು ಬೇರೆ ಮೂಗು ಬೇರೆ; ದೊಡ್ಡವರಂತೆ ಇಡಿಯಾಗಿ ನೋಡುವುದು ಆಮೇಲೆ ಅಂತ. ಅದೇ ಇಬ್ಬರು 1994ರಲ್ಲಿ ಬೇರೆ ವಿಧಾನದಲ್ಲಿ ಪರೀಕ್ಷೆ ಮಾಡಿದಾಗ ಆರು ವರ್ಷದವರೂ ಮುಖವನ್ನು ಇಡಿಯಾಗಿಯೇ ನೋಡುತ್ತಾರೆ ಅಂತ ಬಂತು. ತಾವೇ ಹೇಳಿದ್ದನ್ನು ತಾವೇ ತಿದ್ದಿಕೊಂಡರು. 2009ರಲ್ಲಿ ಆಸ್ಟ್ರೇಲಿಯಾದ ಕೇಟ್ ಕ್ರುಕ್ಸ್ ಮತ್ತು ಎಲಿನಾರ್ ಮೆಕೋನ್ ಇನ್ನೂ ಮುಂದೆ ಹೋದರು. ಮುಖಕ್ಕೇ ಸೇರಿದ ಶಕ್ತಿ ಐದಾರು ವರ್ಷಕ್ಕೆಲ್ಲ ಬಲಿತಿರುತ್ತದೆ, ಆಮೇಲೆ ಏರುವುದೆಲ್ಲ ಗಮನ, ನೆನಪಿನಂಥ ಸಾಮಾನ್ಯ ಶಕ್ತಿಗಳು ಅಂತ ಅವರ ವಾದ.

ಎದುರು ಪಕ್ಷವೂ ಗಟ್ಟಿಯಾಗಿದೆ. 2007ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಏಳರಿಂದ ಹನ್ನೊಂದು ವರ್ಷದವರು, ಹದಿಹರೆಯದವರು, ದೊಡ್ಡವರು ಎಲ್ಲರನ್ನೂ ಎಂಆರ್‌ಐ ಯಂತ್ರದಲ್ಲಿ ಮಲಗಿಸಿ ನೋಡಿದರು. ವಸ್ತುಗಳಿಗೆ ಸ್ಪಂದಿಸುವ ಜಾಗ ಮಕ್ಕಳಲ್ಲೂ ದೊಡ್ಡವರಷ್ಟೇ ಇತ್ತು. ಮುಖಗಳಿಗೆ ಸ್ಪಂದಿಸುವ ಬಲಬದಿಯ ಜಾಗ ಮಾತ್ರ ದೊಡ್ಡವರಲ್ಲಿ ಬಹಳ ದೊಡ್ಡದಿತ್ತು. ಅದೇ ವಿಶ್ವವಿದ್ಯಾಲಯದಿಂದ 2017ರಲ್ಲಿ ಬಂದ ಇನ್ನೊಂದು ಕೆಲಸದ ಪ್ರಕಾರ ಆ ಜಾಗದಲ್ಲಿ ಮಿದುಳಿನ ಅಂಗಾಂಶವೇ ಬಾಲ್ಯ ದಾಟಿದ ಮೇಲೂ ದಟ್ಟವಾಗುತ್ತಾ ಹೋಗುತ್ತದೆ. 2011ರಲ್ಲಿ ಲಾರಾ ಜರ್ಮೈನ್ ಮತ್ತು ಜೊತೆಗಾರರು 60,000ಕ್ಕೂ ಹೆಚ್ಚು ಜನರನ್ನು ಇಂಟರ್ನೆಟ್ಟಿನಲ್ಲಿ ಪರೀಕ್ಷಿಸಿದ್ದಾರೆ. ಹೆಸರು ನೆನಪಿಡುವ ಶಕ್ತಿ ಇಪ್ಪತ್ತರ ಆರಂಭದಲ್ಲೇ ತುದಿ ಮುಟ್ಟುತ್ತದೆ. ಹೊಸ ಮುಖ ಕಲಿಯುವ ಶಕ್ತಿ ಮೂವತ್ತು ದಾಟಿದ ಮೇಲೆ. ಓಡುವುದು, ಗಣಿತ, ಭಾಷೆ ಎಲ್ಲದರಲ್ಲೂ ಎಳೆಯರದೇ ಮೇಲುಗೈ ಅಂತ ಕೇಳಿ ಕೇಳಿ ಸಾಕಾಗಿದ್ದ ನನಗೆ ಇದು ಖುಷಿ ಕೊಟ್ಟಿತು. ನನಗನಿಸುವ ಮಟ್ಟಿಗೆ ಎರಡೂ ಕಡೆ ಸತ್ಯ ಇದೆ. ಮುಖವನ್ನು ಇಡಿಯಾಗಿ ನೋಡುವುದು ಬೇಗ ಬರುತ್ತದೆ, ಸಾವಿರ ಮುಖಗಳ ನಡುವೆ ಒಂದನ್ನು ಬೇರೆ ಮಾಡಿ ಹಿಡಿದಿಟ್ಟುಕೊಳ್ಳುವುದು ನಿಧಾನಕ್ಕೆ ಬರುತ್ತದೆ.

ಇಡಿಯಾಗಿ ನೋಡುವುದು ಅಂದರೆ ಏನು ಅಂತ ನನಗೆ ಅರ್ಥವಾದದ್ದು ನನ್ನ ಸರದಿ ಬಂದಾಗ. ದೊಡ್ಡವರ ಗುಂಪಿಗೆ ನಾನೂ ಕೂತೆ. ಎರಡು ಮುಖ ಒಂದರ ಹಿಂದೆ ಒಂದು ಬರುತ್ತವೆ. ಮೇಲರ್ಧ ಒಂದೇ ಥರ ಇದೆಯಾ ಅಂತ ಮಾತ್ರ ಹೇಳಬೇಕು, ಕೆಳಗರ್ಧ ಲೆಕ್ಕಕ್ಕಿಲ್ಲ. ಸುಲಭ ಅಲ್ವಾ? ಅಲ್ಲ. ಅದೇ ಹಣೆ, ಅದೇ ಕಣ್ಣು, ಕೆಳಗೆ ಬೇರೆಯವರ ಬಾಯಿ ಅಂಟಿಸಿದರೆ ಕಣ್ಣೇ ಬೇರೆ ಅನಿಸುತ್ತದೆ. ಕೆಳಗರ್ಧವನ್ನು ಪಕ್ಕಕ್ಕೆ ಸ್ವಲ್ಪ ಸರಿಸಿದರೆ ತಕ್ಷಣ ಸರಿಹೋಗುತ್ತದೆ, ಅದೇ ಕಣ್ಣು ಅಂತ ಗೊತ್ತಾಗುತ್ತದೆ. ತಿಳಿದೂ ತಿಳಿದೂ ಮತ್ತೆ ಮೋಸ ಹೋಗುತ್ತೇವೆ. ಮಗನೂ ಇದೇ ಪರೀಕ್ಷೆಯಲ್ಲಿ ನನ್ನಷ್ಟೇ ಎಡವಿದ. ಇಲ್ಲಿ ಎಡವುವುದೇ ಒಳ್ಳೆಯ ಲಕ್ಷಣ, ಮುಖವನ್ನು ಇಡಿಯಾಗಿ ನೋಡುತ್ತಿದ್ದೀರಿ ಅಂತ ಅರ್ಥ ಅಂದಳು ವಿದ್ಯಾರ್ಥಿನಿ.

ಪಕ್ಕದ ಕೋಣೆ ಕೂಸುಗಳದ್ದು. ತಾಯಂದಿರು ಕಪ್ಪು ಕನ್ನಡಕ ಹಾಕಿಕೊಂಡು ತೊಡೆಯ ಮೇಲೆ ಮಗು ಕೂರಿಸಿಕೊಳ್ಳುತ್ತಾರೆ. ತಾಯಿ ಯಾವ ಕಡೆ ನೋಡುತ್ತಾಳೋ ಮಗುವೂ ಆ ಕಡೆ ನೋಡಬಾರದಲ್ಲ, ಅದಕ್ಕೆ ಆ ಕನ್ನಡಕ. ಮಗು ಯಾವ ಚಿತ್ರವನ್ನು ಎಷ್ಟು ಹೊತ್ತು ನೋಡಿತು ಅನ್ನುವುದೇ ಅಳತೆ. 2002ರಲ್ಲಿ ಒಲಿವಿಯೇ ಪಾಸ್ಕಲಿ ಮತ್ತು ಜೊತೆಗಾರರು ಇದೇ ವಿಧಾನದಲ್ಲಿ ಒಂದು ವಿಚಿತ್ರ ಕಂಡುಹಿಡಿದರು. ಆರು ತಿಂಗಳ ಕೂಸುಗಳು ಒಂದು ಮಂಗನಿಂದ ಇನ್ನೊಂದು ಮಂಗನ ಮುಖ ಬೇರೆ ಅಂತ ಗುರುತಿಸುತ್ತವೆ. ಒಂಬತ್ತು ತಿಂಗಳಿಗೆ ಅದು ಹೋಗಿಬಿಡುತ್ತದೆ, ನಮಗೂ ಇಲ್ಲ. ಆದರೆ ಆರರಿಂದ ಒಂಬತ್ತು ತಿಂಗಳ ನಡುವೆ ಮಂಗಗಳ ಚಿತ್ರಪುಸ್ತಕ ತೋರಿಸುತ್ತಾ ಬಂದ ಮಕ್ಕಳಲ್ಲಿ ಆ ಶಕ್ತಿ ಉಳಿಯಿತು; ಅದು 2005ರ ಕೆಲಸ. ಜನಾಂಗದ ಮಾತೂ ಹೀಗೆಯೇ. ಮೂರು ತಿಂಗಳ ಕೂಸಿಗೆ ಎಲ್ಲ ಜನಾಂಗದ ಮುಖಗಳೂ ಬೇರೆ ಬೇರೆಯಾಗಿ ಕಾಣುತ್ತವೆ, ಒಂಬತ್ತು ತಿಂಗಳ ಹೊತ್ತಿಗೆ ತನ್ನ ಸುತ್ತ ಇರುವವರದ್ದು ಮಾತ್ರ.

ಹಾಗಾದರೆ ಒಂಬತ್ತು ತಿಂಗಳಿಗೆ ಬಾಗಿಲು ಮುಚ್ಚಿತಾ? ಇಲ್ಲ. ಚಿಕ್ಕಂದಿನಲ್ಲಿ ಕೊರಿಯಾದಿಂದ ಯುರೋಪಿಗೆ ದತ್ತು ಹೋಗಿ, ಫ್ರೆಂಚ್ ಮನೆಗಳಲ್ಲಿ ಬೆಳೆದವರನ್ನು ದೊಡ್ಡವರಾದ ಮೇಲೆ ಪರೀಕ್ಷಿಸಿದ್ದಾರೆ. ಅವರಿಗೆ ಬಿಳಿಯರ ಮುಖಗಳೇ ಸುಲಭ, ಕೊರಿಯಾದಂಥ ಮುಖಗಳೇ ಕಷ್ಟ. ಹುಟ್ಟಿದ ಜಾಗ ಅಲ್ಲ, ಬೆಳೆದ ಜಾಗ ಗೆದ್ದಿತ್ತು. 2019ರಲ್ಲಿ ಅದೇ ಮೆಕೋನ್ ಮತ್ತು ಸಂಗಡಿಗರು ಇನ್ನೊಂದು ಮಾತು ಸೇರಿಸಿದರು. ಬೇರೆ ಜನಾಂಗದವರ ಜೊತೆ ಹನ್ನೆರಡು ವರ್ಷದೊಳಗೆ ಒಡನಾಡಿದವರಿಗೆ ಅವರ ಮುಖಗಳು ಒಲಿಯುತ್ತವೆ. ದೊಡ್ಡವರಾದ ಮೇಲೆ ಬಂದು ವರ್ಷಗಟ್ಟಲೆ ಜೊತೆಗಿದ್ದರೂ ಅಷ್ಟಾಗಿ ಅಲ್ಲ.

ಇದನ್ನು ಅಮ್ಮನಿಗೆ ಹೇಳಿದೆ. "ಅದಕ್ಕೇ ನನಗೆ ಇಲ್ಲಿನವರು ಗೊತ್ತಾಗಲ್ಲ. ನಾನೇನು ದಡ್ಡಿ ಅಲ್ಲ ಅಂತಾಯ್ತು" ಅಂದಳು. ಅಷ್ಟಕ್ಕೇ ನಿಲ್ಲಿಸಬೇಕಿತ್ತು ನಾನು. ನಮ್ಮ ಪಕ್ಕದ ರಾಜ್ಯ ನಾರ್ತ್ ಡಕೋಟದಲ್ಲಿ ಬೆಂಜಮಿನ್ ಬಲಾಸ್ ಮತ್ತು ಜೊತೆಗಾರರು ಮಾಡಿದ ಕೆಲಸವನ್ನೂ ಹೇಳಿದೆ: ಸಾವಿರ ಜನರೂ ಇಲ್ಲದ ಊರುಗಳಲ್ಲಿ ಬೆಳೆದವರು ಮುಖ ನೆನಪಿಡುವ ಪರೀಕ್ಷೆಯಲ್ಲಿ ದೊಡ್ಡ ಊರಿನವರಿಗಿಂತ ಹಿಂದೆ ಬಿದ್ದರು ಅಂತ. "ನಮ್ಮೂರಲ್ಲಿ ಇರೋದೇ ನಲವತ್ತು ಮನೆ. ಅಷ್ಟೂ ಮನೆಯವರ ಅಜ್ಜನ ಮೂಗಿಂದ ಹಿಡಿದು ಮರಿಮಗನ ಮೂಗಿನವರೆಗೆ ಹೇಳ್ತೀನಿ, ಅವರನ್ನ ಇಲ್ಲಿಗೆ ಕರಿ" ಅಂದಳು. ಅವಳ ಮಾತಿನಲ್ಲಿ ಹುರುಳಿದೆ. ಪರೀಕ್ಷೆಯಲ್ಲಿರುವುದು ಗುರುತಿಲ್ಲದವರ ಮುಖ. ಗೊತ್ತಿರುವವರ ಮುಖ ಹಿಡಿಯುವುದು ಬೇರೆಯದೇ ವಿದ್ಯೆ. ನಮ್ಮ ಅಣ್ಣನನ್ನು ಹದಿನೈದು ವರ್ಷದ ನಂತರ, ಕತ್ತಲಲ್ಲಿ, ಮಾಸ್ಕ್ ಹಾಕಿಕೊಂಡಿದ್ದರೂ ಗುರುತಿಸುತ್ತೇವೆ. ಯಾರದೋ ಪಾಸ್‌ಪೋರ್ಟ್ ಫೋಟೋವನ್ನು ಎದುರು ನಿಂತ ಮನುಷ್ಯನ ಜೊತೆ ಹೋಲಿಸಲು ಹೇಳಿದರೆ ತಬ್ಬಿಬ್ಬಾಗುತ್ತೇವೆ.

ಎಂಆರ್‌ಐ ಭಾಗಕ್ಕೆ ಇನ್ನೊಂದು ದಿನ ಬನ್ನಿ ಅಂದರು. ಅದನ್ನು ಬೇಗ ಹೇಳಿ ಮುಗಿಸುತ್ತೇನೆ. ಮೊದಲು ಸುಳ್ಳು ಯಂತ್ರದಲ್ಲಿ ಅಭ್ಯಾಸ: ನೋಡಲು ನಿಜದ ಯಂತ್ರವೇ, ಒಳಗೆ ಅಯಸ್ಕಾಂತ ಇಲ್ಲ, ಸದ್ದು ಮಾತ್ರ ಸ್ಪೀಕರಿನಿಂದ. ಒಳಗೆ ಮಲಗಿ ಕಾರ್ಟೂನ್ ನೋಡಬೇಕು, ತಲೆ ಅಲ್ಲಾಡಿದರೆ ಕಾರ್ಟೂನ್ ನಿಂತುಬಿಡುತ್ತದೆ. ಮಗ ಬೇಗ ಕಲಿತ. ಅವನಿಗೆ ಅಲ್ಲಿ ಸಿಕ್ಕ ದೊಡ್ಡ ಸುದ್ದಿ ಅಂದರೆ ಪೋಕೆಮಾನ್. ಚಿಕ್ಕಂದಿನಲ್ಲಿ ಗಂಟೆಗಟ್ಟಲೆ ಪೋಕೆಮಾನ್ ಆಡಿ ಬೆಳೆದವರ ಮಿದುಳಿನಲ್ಲಿ ಆ ಪ್ರಾಣಿಗಳ ಚಿತ್ರಕ್ಕೆ ಜಾಸ್ತಿ ಸ್ಪಂದಿಸುವ ಒಂದು ಜಾಗ ಇರುತ್ತದೆ, ಎಲ್ಲರಲ್ಲೂ ಹೆಚ್ಚುಕಡಿಮೆ ಅದೇ ಕಡೆ ಅಂತ 2019ರಲ್ಲಿ ಪ್ರಕಟವಾಗಿದೆ. ಈಗ ಟ್ಯಾಬ್ ಕೆಳಗಿಡು ಅಂದಾಗಲೆಲ್ಲ ನನಗೆ ಇದನ್ನು ಹೇಳುತ್ತಾನೆ. ವಿಜ್ಞಾನ ಮಕ್ಕಳ ಕೈಗೆ ಸಿಕ್ಕರೆ ಹೀಗೇ ಆಗುವುದು.

ಕೊನೆಯದು ಒಂದು ಪ್ರಶ್ನಾವಳಿ, ತಂದೆತಾಯಿಗೆ. ಮಗು ವಾರದಲ್ಲಿ ಯಾವ ಯಾವ ಜನಾಂಗದ ಎಷ್ಟು ಜನರನ್ನು ನೋಡುತ್ತದೆ. ಮನೆಯಲ್ಲಿ, ಶಾಲೆಯಲ್ಲಿ, ಆಟದ ಮೈದಾನದಲ್ಲಿ, ಟಿವಿಯಲ್ಲಿ. ಶಾಲೆಯ ಸಾಲು ಸುಲಭವಾಗಿ ತುಂಬಿತು. ಮನೆಯ ಸಾಲಿನಲ್ಲಿ ನಾವು ಮೂರು ಜನ, ಈಗ ಅಮ್ಮ ಸೇರಿ ನಾಲ್ಕು. ತಿಂಗಳಿಗೊಮ್ಮೆ ಕನ್ನಡ ಸಂಘದ ಊಟಕ್ಕೆ ಹೋಗುತ್ತೇವೆ, ಅದನ್ನೂ ಬರೆದೆ. ಆಮೇಲೆ ಪೆನ್ನು ನಿಂತಿತು. ದಿನಾ ಬೆಳಿಗ್ಗೆ ಮಾವಂದಿರು, ಅತ್ತೆಯರು, ಅವರ ಮಕ್ಕಳು ವಾಟ್ಸ್ಆ್ಯಪ್ ವಿಡಿಯೋದಲ್ಲಿ ಬರುತ್ತಾರೆ. ಅರ್ಧ ಹಣೆ, ಅರ್ಧ ಫ್ಯಾನು. ಅದಕ್ಕೆ ಕಾಲಮ್ಮೇ ಇಲ್ಲ. ಇದನ್ನು ಎಲ್ಲಿ ಬರೆಯಲಿ ಅಂತ ಕೇಳಿದೆ. ವಿದ್ಯಾರ್ಥಿನಿ ಒಂದು ಕ್ಷಣ ಯೋಚಿಸಿ, ಟಿವಿಯ ಕೆಳಗೆ ಅಂಚಿನಲ್ಲಿ ಬರೆಯಿರಿ, ಮುಂದಿನ ಸಲಕ್ಕೆ ಫಾರಂ ಬದಲಿಸಬೇಕು ಅಂತ ಪ್ರೊಫೆಸರಿಗೆ ಹೇಳುತ್ತೇನೆ ಅಂದಳು. "ಫೋನಲ್ಲಿ ನೋಡಿದ್ದು ಲೆಕ್ಕಕ್ಕೆ ಬರಲ್ಲ ಕಣೇ, ಇವನನ್ನ ಒಂದು ರಜೆ ಪೂರ್ತಿ ನನ್ನ ಜೊತೆ ಕಳಿಸು, ಹನ್ನೆರಡು ಆಗೋಕೆ ಇನ್ನೂ ಟೈಮಿದೆ" ಅಂದಳು ಅಮ್ಮ. ಆಮೇಲೆ ಮೊಮ್ಮಗನ ತಲೆ ಮುಟ್ಟಿ ನೋಡಿ, "ಮೊದಲು ಮನೆಗೆ ನಡೀ, ಇದಕ್ಕೆ ಎಣ್ಣೆ ಹಾಕ್ಬೇಕು" ಅಂದಳು.